ಜಕಾತಿ ನಾಕೆಯ ದೇವರು

ಪಿಂಪ್ರಿ-ಚಿಂಚವಾಡ, ಪುಣೆ
12-2-1979

ಅತ್ತೆಯವರ ಪಾದಕ್ಕೆ ಗೌರಾಬಾಯಿಯ ಶರಣು.

ಊರ ಅಗಸಿಬಾಗಿಲಿಗೆ ಕಾಯಿ ಒಡೆಯದೆ ಕೂಸನ್ನು ಹೊಸ ಮನೆಗೆ ಒಯ್ಯಬೇಡ ಎಂದಿದ್ದಿರಿ. ಈ ಊರಿಗೆ ಅಗಸಿಯೇ ಇಲ್ಲವಲ್ಲ, ಅತ್ತೆ! ನಾಲ್ಕು ಹಳ್ಳಿ ಕೂಡಿಸಿ ಒಂದು ಊರು ಮಾಡಿದ್ದಾರಂತೆ. ಕಾರ್ಖಾನೆಗಳಿಗೆ ಬರುವ ಸರಕಿನ ಸುಂಕದಿಂದ ನಗರಸಭೆ ಬಹಳ ಶ್ರೀಮಂತವಾಗಿದೆ. ಮನೆ ಏಳದ ಕಡೆಯೂ ಡಾಂಬರು ರಸ್ತೆ, ದೀಪದ ಕಂಬ. ಮಕ್ಕಳೇ ಇಲ್ಲದ ಉದ್ಯಾನದಲ್ಲಿ ಜೋಕಾಲಿ. ಊರು ಎಲ್ಲಿ ಶುರುವಾಗುತ್ತದೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೈ ತೋರಿಸಿದರು.

ಕೊನೆಗೆ ನಿಮ್ಮ ಮಗ, ಲಾರಿಗಳನ್ನು ನಿಲ್ಲಿಸಿ ಸುಂಕ ಕಟ್ಟಿಸಿಕೊಳ್ಳುವ ಜಕಾತಿ ನಾಕೆಗೆ ಕರೆತಂದು, “ಇದನ್ನ ದಾಟದ ಯಾವ ಲಾರೀನೂ ಒಳಗ ಬರಂಗಿಲ್ಲ. ಇದೇ ಅಗಸಿ ಅಂತ ತಿಳಿ, ಒಡಿ” ಎಂದರು. ಲಾರಿ ತಡೆಯುವ ಅಡ್ಡಕಂಬಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದೆ. ಬೈಯಲು ಓಡಿಬಂದ ಅಲ್ಲಿನ ಕಾರಕೂನ, ಕೂಸಿನ ಮುಖ ನೋಡಿ ನಾನು ಕೊಟ್ಟ ಪ್ರಸಾದವನ್ನು ಕಣ್ಣಿಗೊತ್ತಿಕೊಂಡ.

ಕೂಸಿಗೆ ಸ್ವಲ್ಪ ನೆಗಡಿ, ಉಳಿದವರು ಆರಾಮ.

ನಿನ್ನೆ ಅತ್ತ ಹೋದರೆ ಆ ಕಂಬಕ್ಕೆ ಹೂವಿನ ಹಾರ! ಲಾರಿಯವರು ಸಾಲಾಗಿ ಕಾಯಿ ಒಡೆಯುತ್ತಿದ್ದರು. ಕಾರಕೂನ ನನ್ನ ಗುರುತು ಹಿಡಿದು, “ಬಾಯಿ, ಹಾ ಕೋಣತಾ ದೇವ?” ಎಂದು, ಇದು ಯಾವ ದೇವರೆಂದು ಮರಾಠಿಯಲ್ಲಿ ಕೇಳಿದ. ಕೇಳುವ ಲಾರಿಯವರಿಗೆಲ್ಲ ಗೊತ್ತಿಲ್ಲ ಎಂದು ಹೇಳಿ ಹೇಳಿ ಅವನಿಗೂ ಸಾಕಾಗಿದೆಯಂತೆ. ಮನೆಯ ಹಿರಿಯರನ್ನು ಕೇಳುತ್ತೇನೆ ಎಂದು ಬಂದುಬಿಟ್ಟೆ.

ಯಾವ ದೇವರು, ಅತ್ತೆ? ಬೇಗ ತಿಳಿಸಿರಿ. ಕಂಬದ ಬಳಿ ನಿಲ್ಲಿಸಲು ಕಾರಕೂನ ಹಲಗೆಯೊಂದಕ್ಕೆ ಬಣ್ಣವನ್ನೂ ಬಳಿದಿದ್ದಾನೆ, ಹೆಸರೊಂದು ಬರೆಯುವುದು ಬಾಕಿ.