ಉಪವಾಸಕ್ಕೆ ಅಡ್ಡಿಯಾಗದ ಮಶೇರಿ

ನಿಪ್ಪಾಣಿ,
೫ ಜುಲೈ ೨೦೦೯, ರವಿವಾರ

ಪೂನಮಳ ಪಪ್ಪಾ ಅವರಿಗೆ ಸಾರಿಕಾಳ ನಮಸ್ಕಾರಗಳು.

ಹೇಗಿದ್ದೀರಿ? ಅಲ್ಲಿಯ ಚಳಿಗೆ ಒಡೆದಿದ್ದ ಕೈ ವಾಸಿಯಾದವೇ? ಊಟ ಸೇರುತ್ತಿದೆಯೇ? ನಾವು ಮೂವರೂ ಆರಾಮ ಎಂದು ಬರೆಯಲು ಕೂತೆ, ಪೆನ್ನು ಮುಂದೆ ಹೋಗಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅತ್ತೆ ನನ್ನ ಮಗ್ಗುಲಲ್ಲೇ ಕೂತಿರುತ್ತಾರೆ, ಅರ್ಧ ಮಾತಿಗೇ ಫೋನು ಕಸಿದುಕೊಳ್ಳುತ್ತಾರೆ. ಮಿಲಿಟರಿಯಲ್ಲಿ ಇರುವವರಿಗೆ ಮನೆಯ ಗಾಬರಿ ಮುಟ್ಟಿಸಬಾರದು ಅಂತಾರೆ. ಹಾಗಾದರೆ ನನ್ನ ಗಾಬರಿ ಯಾರಿಗೆ ಹೇಳಲಿ?

ಶಾಲೆಯಲ್ಲಿ ಎಂಟನೆಯ ತರಗತಿಗೆ ನಾನೀಗ ಜೀವಕೋಶದ ಪಾಠ ಮಾಡುತ್ತಿದ್ದೇನೆ. ಗಲ್ಲದ ಒಳಮೈಯನ್ನು ಕಡ್ಡಿಯಿಂದ ಮೆಲ್ಲಗೆ ಕೆರೆದು, ಗಾಜಿಗೆ ಹಚ್ಚಿ, ಒಂದು ಹನಿ ನೀಲಿ ಬಣ್ಣ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದು. ನಿಮ್ಮ ಮಗಳೂ ಅದೇ ಕ್ಲಾಸಿನಲ್ಲಿದ್ದಾಳೆ. ಅವಳು ತನ್ನದನ್ನು ನೋಡಿ ತೃಪ್ತಿಯಾಗದೆ ಮನೆಗೆ ಬಂದವಳೇ ಅಜ್ಜಿಗೆ ಗಂಟುಬಿದ್ದಳು. ಮೊಮ್ಮಗಳು ಕೇಳಿದರೆ ಅತ್ತೆ ಬಾವಿಗೆ ಬೇಕಾದರೂ ಹಾರುತ್ತಾರೆ, ಬಾಯಿ ತೆರೆಯುವುದೇನು ದೊಡ್ಡದು? ಆದರೆ ಕಡ್ಡಿ ತಾಗಿದ್ದೇ ತಡ, ಮುಖ ಹಿಂಡಿಕೊಂಡು ಹಿಂದೆ ಸರಿದರು. ನಾನು ಬ್ಯಾಟರಿ ಹಿಡಿದು ನೋಡಿದೆ. ಹಲ್ಲಿಗೆ ಮಶೇರಿ ತಿಕ್ಕಿದ ಮೇಲೆ ಆ ಹುರಿದ ತಂಬಾಕಿನ ಪುಡಿಯನ್ನು ಎಡಗಲ್ಲದಲ್ಲಿ ಒತ್ತಿ ಇಟ್ಟುಕೊಳ್ಳುತ್ತಾರಲ್ಲ, ಅದೇ ಜಾಗದಲ್ಲಿ ಬಿಳಿ ಮಚ್ಚೆ. ಒರೆಸಿದರೂ ಹೋಗಲಿಲ್ಲ.

ಮರುದಿನವೇ ಪೇಟೆಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಎಲ್ಲ ಮಚ್ಚೆಯೂ ಕೆಟ್ಟದ್ದಲ್ಲ, ಆದರೆ ಮಿರಜಿನ ದೊಡ್ಡ ಆಸ್ಪತ್ರೆಗೆ ಹೋಗಿ ಸಣ್ಣ ಚೂರು ತೆಗೆಸಿ ಪರೀಕ್ಷೆ ಮಾಡಿಸದೆ ಹೇಳಲು ಬರುವುದಿಲ್ಲ, ಮಶೇರಿಯನ್ನಂತೂ ಇವತ್ತೇ ಬಿಡಬೇಕು ಎಂದರು. ಖಾರ ತಿಂದರೆ ಉರಿಯುತ್ತದೆಯೇ ಎಂದು ಕೇಳಿದರು. ದೀಪಾವಳಿಯಿಂದ ಅತ್ತೆ ಹಸಿಮೆಣಸಿನ ಠೇಚಾ ದೂರ ಸರಿಸಿ ಹಾಲು ರೊಟ್ಟಿ ಉಣ್ಣುತ್ತಿರುವುದು ನನಗೆ ಆಗ ನೆನಪಾಯಿತು. ವಯಸ್ಸಾಯಿತು, ಅದಕ್ಕೇ ಎಂದುಕೊಂಡಿದ್ದೆ. ಬಾಯಿಯ ಒಳತೊಗಲು ಕೆಡತೊಡಗಿದರೆ ಖಾರವೇ ಮೊದಲು ಚಾಡಿ ಹೇಳುತ್ತದೆ ಎಂದರು ಡಾಕ್ಟರು. ನಾನು ಜೀವಶಾಸ್ತ್ರದ ಶಿಕ್ಷಕಿ ಬೇರೆ! ದೀಪದ ಬುಡದಲ್ಲೇ ಕತ್ತಲೆ.

ಮೊನ್ನೆ ಆಷಾಢ ಏಕಾದಶಿ. ಅತ್ತೆ ನೀರು ಬಿಟ್ಟರೆ ಏನೂ ಮುಟ್ಟಲಿಲ್ಲ, ಆದರೆ ನಸುಕಿನಲ್ಲೇ ಹಂಚಿನ ಮೇಲೆ ತಂಬಾಕು ಹುರಿಯುವ ವಾಸನೆ. ಪಕ್ಕದ ತುಳಸವ್ವನೂ ಬಂದು ಬೆರಳು ಅದ್ದಿದಳು. ಉಪವಾಸ ಎಲ್ಲಿ ಹೋಯಿತು ಎಂದು ಕೇಳಿದೆ. “ಹೊಟ್ಟಿಗಿ ಹೋದ್ರ ಉಪವಾಸ ಮುರಿತೈತಿ. ಇದನ್ನ ಉಗುಳ್ತೀನಿ” ಅಂದರು. ನನಗೆ ತಲೆ ಕೆಟ್ಟಿತು. ಮಾವನವರಿಗೆ ಎದೆನೋವು ಬಂದಾಗ ನಾಲಗೆಯ ಕೆಳಗೆ ಗುಳಿಗೆ ಇಡುತ್ತಿದ್ದವರು ಯಾರು, ಅದನ್ನು ಅವರು ನುಂಗುತ್ತಿದ್ದರೇ ಎಂದು ಕೇಳಿದೆ. ಬಾಯಿಯ ತೊಗಲು ಅಷ್ಟು ತೆಳುವು, ಅದರ ಕೆಳಗೇ ರಕ್ತನಾಳ, ಗುಳಿಗೆಗೆ ಇದ್ದ ದಾರಿಯೇ ತಂಬಾಕಿನ ವಿಷಕ್ಕೂ ಇದೆ ಎಂದು ಕ್ಲಾಸಿನಲ್ಲಿ ಹೇಳುವಂತೆ ಹೇಳಿದೆ. ತುಳಸವ್ವ ಮೆಲ್ಲಗೆ ಎದ್ದು ಹೋದಳು. ಅತ್ತೆ ಹಂಚನ್ನು ಬದಿಗೆ ಸರಿಸಿದರು. ಆಮೇಲೆ, “ವಖಾರದಾಗ ಕೂಲಿಗಿ ನಿಂತು ಇದ ತಂಬಾಕ ಬಡದು ನಿನ್ನ ಗಂಡನ್ನ ಓದಿಸೇನಿ. ಅದನ್ನ ವಿಷ ಅಂತೀ?” ಅಂದರು. ಸಿಟ್ಟೂ ಬಂತು, ಅಳುವೂ ಬಂತು.

ಮಿರಜಿಗೆ ಬರುವುದಿಲ್ಲವೆಂದು ಹಟ ಹಿಡಿದಿದ್ದಾರೆ. ಅವರ ಮಾತು ಒಂದೇ: “ನನ್ನ ಮಗಾನೂ ತಿಕ್ಕತಾನ, ಅಂವಗೇನ ಆಗೇತಿ? ಅಂವ ಬಿಡ್ಲಿ, ನಾನೂ ಬಿಡ್ತೀನಿ.” ನಿಮ್ಮ ಹೆಸರನ್ನು ಗುರಾಣಿಯ ಹಾಗೆ ಹಿಡಿದು ಕೂತಿದ್ದಾರೆ, ಮೇಲೆ ನಿಮಗೆ ಕಳಿಸಲು ಡಬ್ಬಿ ತುಂಬ ಮಶೇರಿಯನ್ನೂ ಪುಡಿ ಮಾಡಿ ಇಟ್ಟಿದ್ದಾರೆ. ನನಗೆ ಕೂತಲ್ಲಿ ಕೂಡಲು ಆಗುತ್ತಿಲ್ಲ. ಪಾಠ ಮಾಡುವಾಗಲೂ ಮಕ್ಕಳ ಬಾಯಿಯನ್ನೇ ನೋಡುತ್ತಿರುತ್ತೇನೆ. ಬಿಟ್ಟಿದ್ದೇನೆ ಎಂದು ನೀವು ಅವ್ವನ ಹೆಸರಿಗೆ ಒಂದು ಕಾಗದ ಬರೆಯಿರಿ. ಪೂನಮ ಓದಿ ಹೇಳುತ್ತಾಳೆ. ಸುಳ್ಳು ಬರೆಯಬೇಡಿ, ಬಿಟ್ಟೇ ಬರೆಯಿರಿ.

ಪೂನಮ ನಿಮಗೆ ನಮಸ್ಕಾರ ಹೇಳಿದ್ದಾಳೆ. ಅತ್ತೆಯವರ ಆಶೀರ್ವಾದವಂತೂ ಯಾವಾಗಲೂ ನಿಮ್ಮ ಬೆನ್ನಿಗಿದೆ. ಕೈಗೆ ಎಣ್ಣೆ ಹಚ್ಚಿಕೊಳ್ಳಿ.

ನಿಮ್ಮ,
ಸಾರಿಕಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಡಬ್ಬಿ ಕಳಿಸುವುದಿಲ್ಲ. ಕಳೆದ ರಜೆಯಲ್ಲಿ ಬಂದಾಗ ನೀವೂ ಠೇಚಾ ಸರಿಸಿ ಮೊಸರು ಕೇಳಿದಿರಿ, ಮಿಲಿಟರಿ ಊಟದ ರೂಢಿ ಎಂದು ನಕ್ಕಿರಿ. ನಾನೂ ನಕ್ಕು ಬಡಿಸಿದೆ. ಅವ್ವನಿಗೆ ಆಮೇಲೆ ಬರೆಯಿರಿ. ಮೊದಲು ಕನ್ನಡಿಯ ಮುಂದೆ ನಿಂತು ಬಾಯಿ ತೆರೆಯಿರಿ, ಎಡಗಲ್ಲ ನೋಡಿ, ನಿಮ್ಮ ಡಾಕ್ಟರಿಗೂ ತೋರಿಸಿ. ಏನು ಕಂಡರೂ ನನಗೆ ಇದ್ದದ್ದು ಇದ್ದ ಹಾಗೆ ಬರೆಯಿರಿ.