ಪ್ರಿಂಟರಿಗೆ ಯಜಮಾನರ ಹೆಸರು

ಮಂಗಳವಾರ, ೧೨ ಆಗಸ್ಟ್ ೨೦೨೫

ನಮ್ಮ ಪುಟ್ಟೇನಹಳ್ಳಿ ಆಫೀಸಿನ ಎರಡು ಪ್ರಿಂಟರುಗಳನ್ನು ಎಲ್ಲರ ಕಂಪ್ಯೂಟರಿಗೂ ಸೇರಿಸುವಾಗ ನನ್ನ ಮಗ ರಘು ಒಂದಕ್ಕೆ ತೀರಿಹೋದ ಅಪ್ಪನ ಹೆಸರಿಟ್ಟಿದ್ದಾನೆ. ಗೌರವವಂತೆ! ಬೆಳಗ್ಗೆಯಿಂದ ಟೈಪಿಸ್ಟ್ ಹೇಮಶ್ರೀ ಆ ಹೆಸರು ಹಿಡಿದು, "ಮತ್ತೆ ಪೇಪರ್ ನುಂಗ್ಬಿಟ್ರು ಸಾರ್, ಬೆನ್ನಿಗೊಂದು ಗುದ್ದಿ" ಎಂದು ಕೂಗುತ್ತಾಳೆ. ಎಲ್ಲರೂ ನಗುತ್ತಾರೆ. ನಮ್ಮ ಯಜಮಾನರು ಬದುಕಿದ್ದಾಗ ಅವರೆದುರು ಊರಿನವರು ಕೂತು ಮಾತಾಡುತ್ತಿರಲಿಲ್ಲ.

ಬೇರೆ ಹೆಸರಿಡು ಎಂದರೆ ರಘು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೇ ಕಂಪ್ಯೂಟರಿನವನಿಗೆ ಫೋನ್ ಮಾಡಿ, ಹೆಸರು ಬದಲಾಯಿಸಪ್ಪ ಎಂದೆ.

"ಆಯ್ತಮ್ಮಾ, ಯಾವ್ ಪ್ರಿಂಟರು? ಈಗಿರೋ ಹೆಸರು ಹೇಳಿ, ಇಲ್ಲಿಂದ್ಲೇ ತೆಗೀತೀನಿ."

ಮದುವೆಯಾದಾಗಿನಿಂದ ಆ ಹೆಸರು ನನ್ನ ಬಾಯಲ್ಲಿ ಬಂದಿಲ್ಲ.

"ಬಾಗಿಲ ಹತ್ತಿರದ್ದು" ಎಂದೆ.

"ನಂಗಿಲ್ಲಿ ಬಾಗಿಲು ಕಾಣಲ್ಲಮ್ಮಾ, ಹೆಸರಷ್ಟೇ ಕಾಣೋದು."

ಫೋನ್ ಇಟ್ಟುಬಿಟ್ಟೆ. ನಾಳೆಯೂ ಹೇಮಶ್ರೀ ಕೂಗುತ್ತಾಳೆ. ಹಾಗನ್ನಬೇಡ ಎಂದು ಬೈಯೋಣವೆಂದರೆ, ಯಾವ ಹೆಸರು ಅನ್ನಬೇಡ ಎಂದು ನಾನು ಹೇಗೆ...