ವಾಸನೆಯಿಲ್ಲದ ಕಾರು

ಕುಂದಲಹಳ್ಳಿ
೧೪ ಆಗಸ್ಟ್ ೨೦೧೬, ಭಾನುವಾರ

ಪ್ರೀತಿಯ ಸುಬ್ಬಕ್ಕನಿಗೆ,

ಎಲ್ಲಕ್ಕಿಂತ ಮೊದಲು ಒಂದು ತಪ್ಪೊಪ್ಪಿಗೆ. ಮೊನ್ನೆ ವರಮಹಾಲಕ್ಷ್ಮಿ ಹಬ್ಬದ ದಿನ, ಹಾಡಹಗಲಿನಲ್ಲಿ, ಮುನೇಶ್ವರನ ಗುಡಿಯ ಎದುರಿನಲ್ಲಿ, ರಾಹುಕಾಲ ಇನ್ನೂ ಕಳೆಯದಿರುವಾಗ, ನಿನ್ನ ಒಡಹುಟ್ಟಿದ ತಮ್ಮನೂ ನಿವೃತ್ತ ಇತಿಹಾಸ ಉಪನ್ಯಾಸಕನೂ ಆದ ರಾಜೇಂದ್ರ ಎಂಬ ನಾನು ನಾಲ್ಕು ಜೀವಗಳನ್ನು ಚಕ್ರದಡಿಗೆ ಹಾಕಿ ಕೊಂದಿದ್ದೇನೆ. ನಾಲ್ಕೂ ನಿಂಬೆಹಣ್ಣುಗಳು. ಅವುಗಳ ಜೊತೆಗೆ ಪೂಜಾರಿ ಪಂಚಾಕ್ಷರಯ್ಯನವರ ಎಡಗಾಲಿನ ಚಪ್ಪಲಿಯೂ ತೀರಿಕೊಂಡಿತು. ಪುಣ್ಯಕ್ಕೆ ಆಗ ಅದರೊಳಗೆ ಕಾಲಿರಲಿಲ್ಲ. ಸಾಕ್ಷಿಗಳು ಊರ ತುಂಬ ಇದ್ದಾರೆ, ಆದ್ದರಿಂದ ಅವರಿವರ ಬಾಯಿಂದ ಸುದ್ದಿ ಚಿಂತಾಮಣಿಯಲ್ಲಿರುವ ನಿನ್ನನ್ನು ತಲುಪುವ ಮೊದಲು ನಾನೇ ಶರಣಾಗುತ್ತಿದ್ದೇನೆ.

ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ನೀವಿಕೊಳ್ಳುತ್ತೀಯೋ, ಅಥವಾ ಎಣ್ಣೆಯ ಸೀಸೆಯನ್ನು ನೋಡಿಕೊಂಡೇ ಸಮಾಧಾನ ಪಡುತ್ತೀಯೋ? ಭಾವನ ಸಕ್ಕರೆ ಇಳಿಯಿತೇ? ಅವರು ಕಾಫಿಗೆ ಸಕ್ಕರೆ ಬಿಟ್ಟು ಮೈಸೂರುಪಾಕಿಗೆ ಮಾತ್ರ ಉಳಿಸಿಕೊಂಡಿದ್ದಾರೆಂದು ಕೇಳಿದೆ. ಇಲ್ಲಿ ಮಂಜುಶ್ರೀ ಚೆನ್ನಾಗಿದ್ದಾಳೆ. ಮದುವೆಯಾದ ದಿನದಿಂದ ನನ್ನನ್ನು ತಿದ್ದುವ ಕೆಲಸದಲ್ಲಿದ್ದಾಳೆ, ಅದರಲ್ಲಿ ಇನ್ನೂ ನಿವೃತ್ತಿಯಾಗಿಲ್ಲ. ಫೋನು ಬಿಟ್ಟು ಪತ್ರ ಏಕೆ ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಿ ಗೌರಿಹಬ್ಬಕ್ಕೆ ಬಾ ಎಂದು ಕರೆದಾಗಲೆಲ್ಲ ನೀನು ‘ನೋಡಾಣ’ ಅಂದು ಇಟ್ಟುಬಿಡುತ್ತೀಯ. ಪತ್ರವನ್ನು ಹಾಗೆ ಅರ್ಧಕ್ಕೆ ಇಟ್ಟುಬಿಡಲು ಬರುವುದಿಲ್ಲ. ಕನ್ನಡಕ ಹುಡುಕುವ ಕಷ್ಟ ಪಟ್ಟ ಮೇಲೆ ಪೂರ್ತಿ ಓದಲೇಬೇಕು.

ಹೌದು, ಕಾರು ಕೊಂಡೆ. ಆಷಾಢ ಮುಗಿಯಲೆಂದು ಕಾದು, ಶ್ರಾವಣದಲ್ಲಿ ಮನೆಗೆ ತಂದೆ. ಹೈಬ್ರಿಡ್ ಕಾರು. ಅಂದರೆ ಪೆಟ್ರೋಲಿನ ಎಂಜಿನ್ನೂ ಇದೆ, ಕರೆಂಟಿನ ಮೋಟಾರೂ ಇದೆ. ಎರಡೂ ಒಂದೇ ಮನೆಯಲ್ಲಿ ಅತ್ತೆ ಸೊಸೆಯರಂತೆ ಕೆಲಸ ಹಂಚಿಕೊಂಡಿವೆ, ಆದರೆ ಸದ್ದಿಲ್ಲದೆ. ನಮ್ಮ ಸೊಣ್ಣಪ್ಪ ಚಿಕ್ಕಪ್ಪನಿಗೆ ಇದನ್ನು ಅರ್ಧ ಗಂಟೆ ವಿವರಿಸಿದೆ. ಅಪ್ಪನ ತಮ್ಮಂದಿರಲ್ಲಿ ಉಳಿದಿರುವವನು ಅವನೊಬ್ಬನೇ, ಅವನ ಒಪ್ಪಿಗೆಯಿಲ್ಲದೆ ಈ ಮನೆಗೆ ಮಿಕ್ಸಿ ಕೂಡ ಬಂದಿಲ್ಲ. ಎಲ್ಲ ಕೇಳಿಸಿಕೊಂಡು ಎಲೆಯಡಿಕೆ ಉಗಿದು ಬಂದು, “ಐಬ್ರೀಡ್ ಟಮೋಟ ತಿಂದು ತಿಂದು ನಾಲ್ಗೆ ಕೆಟ್ಟೋಗೈತೆ. ನಾಟೀದು ಸಿಗನಿಲ್ವೇನಪ್ಪ?” ಎಂದ. ಅಂದಿನಿಂದ ಊರಿನಲ್ಲಿ ಉಳಿದವರ ಕಾರುಗಳಿಗೆಲ್ಲ ನಾಟಿ ಕಾರು ಎಂದೂ ನನ್ನದಕ್ಕೆ ಟಮೋಟ ಎಂದೂ ಹೆಸರಾಗಿದೆ. ಬಣ್ಣ ಬಿಳಿ, ಆದರೂ ಟಮೋಟ.

ಇದಕ್ಕೆ ರಾತ್ರಿಯಿಡೀ ವಯರು ಸಿಕ್ಕಿಸಿ ಚಾರ್ಜ್ ಮಾಡಬೇಕೇ ಎಂದು ನೀನು ಕೇಳುತ್ತೀಯ. ಬೇಡ. ಬ್ರೇಕು ಒತ್ತಿದಾಗಲೆಲ್ಲ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ. ಚಾರ್ಜ್ ಮಾಡುವವರು ಷೋರೂಮಿನವರು ಮಾತ್ರ. ನಮ್ಮ ಕಡೆಯ ರಸ್ತೆಗಳಲ್ಲಿ ಕಾಲು ಬ್ರೇಕಿನ ಮೇಲೆ ಬಿಟ್ಟು ಬೇರೆಲ್ಲೂ ಇರುವುದಿಲ್ಲವಾದ್ದರಿಂದ ಬ್ಯಾಟರಿ ಸದಾ ಹೊಟ್ಟೆ ತುಂಬಿದ ಮಗುವಿನಂತಿರುತ್ತದೆ. ಜಾಮ್ ತಿಂದು ದಪ್ಪಗಾಗುವ ಕಾರು ಇದೊಂದೇ ಇರಬೇಕು.

ಕೊಳ್ಳುವುದು ಸುಲಭ ಅಕ್ಕಾ, ಅದರೊಳಗೆ ಏನೇನು ಬೇಕು ಎಂದು ಆರಿಸುವುದಿದೆಯಲ್ಲ, ಅದು ನಿನಗೆ ವರ ಹುಡುಕಿದ್ದಕ್ಕಿಂತ ಕಷ್ಟ. ಷೋರೂಮಿನಲ್ಲಿ ಸವಿತಾ ಎಂಬ ಹುಡುಗಿ, ಬಾಗಲಕೋಟೆ ಕಡೆಯವಳು, ಮಾರತ್ತಹಳ್ಳಿಯಲ್ಲಿ ಗೆಳತಿಯರೊಡನೆ ರೂಮು ಮಾಡಿಕೊಂಡಿದ್ದಾಳೆ. ಬಂದವರೆಲ್ಲರ ಜೊತೆ ಇಂಗ್ಲಿಷಿನಲ್ಲಿ ಮಾತಾಡುವ ಶಿಕ್ಷೆಯಿಂದ ನನ್ನನ್ನು ಕಂಡು ಬಿಡುಗಡೆಯಾದವಳಂತೆ ಒಂದೇ ಉಸಿರಿನಲ್ಲಿ ಎಲ್ಲವನ್ನೂ ತೋರಿಸಿದಳು. ಛಾವಣಿಯಲ್ಲಿ ಕಿಟಕಿ, ಅದಕ್ಕೆ ಸನ್‌ರೂಫ್ ಎಂದು ಹೆಸರು. ಇಬ್ಬರು ಹೆಣ್ಣುಮಕ್ಕಳ ತಂದೆಗೆ ಸನ್ ಯಾಕಮ್ಮ ಎಂದೆ. ಅವಳು ನಗಲಿಲ್ಲ, ಮಂಜುಶ್ರೀಯೂ ನಗಲಿಲ್ಲ. ಆಮೇಲೆ ಗಾಳಿಗೆ ಬೆರೆಸುವ ಸುಗಂಧದ ಡಬ್ಬಿ. ಅದನ್ನು ಮೂಸಿದ ಕೂಡಲೇ ನಿನ್ನ ಮುಖ ನೆನಪಾಯಿತು, ಬೇಡ ಎಂದೆ. ಆಮೇಲೆ ಸೀಟು. ಲೆದರೋ ಬಟ್ಟೆಯೋ? ಲೆದರ್ ಸೀಟಿನ ಕಾರಿನ ಬಾಗಿಲು ತೆಗೆದಳು. ಘಮ್ಮೆಂದು ಹೊಸ ಚಪ್ಪಲಿ ಅಂಗಡಿಯ ವಾಸನೆ ಬಂತು. ನಿನಗೆ ನೆನಪಿರಬೇಕು, ನಿನ್ನ ನಿಶ್ಚಿತಾರ್ಥಕ್ಕೆ ಚಪ್ಪಲಿ ಕೊಳ್ಳಲು ಹೋದಾಗ ನೀನು ಅಂಗಡಿಯ ಹೊರಗೇ ನಿಂತು ಕಾಲು ಮಾತ್ರ ಒಳಗೆ ಚಾಚಿದ್ದೆ. ನಾನು ಬಟ್ಟೆಯದೇ ಸಾಕು ಎಂದೆ. ಸವಿತಾ ಬಿಡಲಿಲ್ಲ. “ಲೆದರ್ ತಗೋರಿ ಸರ. ಮನ್ಯಾಗ ಹುಡುಗ್ರು ಇರ್ತಾವು, ವಯಸ್ಸಾದವ್ರು ಇರ್ತಾರ. ಏನ ಚೆಲ್ಲಿದ್ರೂ ಒರಿಸಿದ್ರ ಮುಗೀತು. ಬಟ್ಟಿ ಆದ್ರ ವಾಸನಿ ಹಿಡದ ಕೂಡ್ತೈತಿ” ಎಂದಳು. ನಮ್ಮ ಮನೆಯಲ್ಲಿ ಚೆಲ್ಲುವವರು ಯಾರೂ ಇಲ್ಲವೆಂದು ನಾನು ಎದೆಯುಬ್ಬಿಸಿ ಹೇಳಿದೆ. ನಿನ್ನನ್ನು ಲೆಕ್ಕಕ್ಕೆ ಹಿಡಿದೇ ಹೇಳಿದೆ ನೋಡು, ಅಷ್ಟು ವಿಶ್ವಾಸ. ಒಟ್ಟಿನಲ್ಲಿ ಅವಳು ತೋರಿಸಿದ್ದರಲ್ಲಿ ನನ್ನ ಆಸೆಗೆಂದು ತೆಗೆದುಕೊಂಡದ್ದು ಒಂದೇ. ಎಂಜಿನ್ನಿನಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಚಕ್ರಕ್ಕೆ ಶಕ್ತಿ ಹರಿಯುವುದನ್ನು ಬಣ್ಣಬಣ್ಣದ ಬಾಣಗಳಲ್ಲಿ ತೋರಿಸುವ ದೊಡ್ಡ ಪರದೆ. ಇತಿಹಾಸದ ಮೇಷ್ಟ್ರಿಗೆ ಭೂಪಟದ ಮೇಲೆ ಬಾಣ ಕಂಡರೆ ಬಿಡಲಾಗುವುದಿಲ್ಲ.

ಆದರೆ ನಾನು ಇದನ್ನು ಕೊಳ್ಳಲೇಬೇಕೆಂದು ತೀರ್ಮಾನಿಸಿದ್ದು ಷೋರೂಮಿನಲ್ಲಲ್ಲ. ಓಡಿಸಿ ನೋಡಲು ಕೊಟ್ಟರಲ್ಲ, ಆಗ ವರ್ತೂರು ಕೋಡಿಯ ಹತ್ತಿರ ಸಿಕ್ಕಿಹಾಕಿಕೊಂಡೆವು. ಮುಂದೆ ನೀರಿನ ಟ್ಯಾಂಕರು, ಪಕ್ಕದಲ್ಲಿ ಕಂಪನಿ ಬಸ್ಸು, ಕೆರೆಯ ಕಡೆಯಿಂದ ನೊರೆಯ ಉಂಡೆಗಳು ಹಾರಿಬಂದು ಗಾಜಿನ ಮೇಲೆ ಕೂರುತ್ತಿವೆ. ಇದ್ದಕ್ಕಿದ್ದಂತೆ ನಮ್ಮ ಎಂಜಿನ್ ತಾನಾಗಿ ನಿಂತುಹೋಯಿತು. ಕೆಟ್ಟಿತೆಂದುಕೊಂಡೆ. ಕೆಟ್ಟಿರಲಿಲ್ಲ, ಅದರ ಸ್ವಭಾವವೇ ಅದು. ನಡುಕವಿಲ್ಲ, ಗುರುಗುರು ಇಲ್ಲ. ಆ ನಿಶ್ಶಬ್ದ ನನಗೆ ಹೊಸದಲ್ಲ ಅನ್ನಿಸಿತು. ಎಲ್ಲಿ ಕೇಳಿದ್ದೆ ಎಂದು ಯೋಚಿಸುತ್ತಿದ್ದ ಹಾಗೇ ಅಪ್ಪನ ಮೆಟಡೋರ್ ಕಣ್ಣ ಮುಂದೆ ಬಂದು ನಿಂತಿತು.

ಈಗ ಗಾಜಿನ ಕಟ್ಟಡಗಳು ನಿಂತಿರುವಲ್ಲಿ ನಮ್ಮ ದ್ರಾಕ್ಷಿ ಚಪ್ಪರವಿತ್ತಲ್ಲ, ಅಲ್ಲಿಂದ ಮಾರ್ಕೆಟ್ಟಿಗೆ ಹಣ್ಣು ಸಾಗಿಸುತ್ತಿದ್ದ ಅದೇ ನೀಲಿ ಮೆಟಡೋರ್. ಡೀಸೆಲ್ಲು, ಕೊಳೆತ ದ್ರಾಕ್ಷಿ, ಗೋಣಿತಾಟು ಮೂರೂ ಕಲಸಿದ ಆ ವಾಸನೆಗೆ ನೀನು ಗೇಟು ದಾಟುವ ಮೊದಲೇ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದೆ. ನಾನು ಹಿಂದಿನಿಂದ ‘ಓಂ ವಾಂತಿ ವಾಂತಿ ವಾಂತಿಃ’ ಎಂದು ಮಂತ್ರ ಹೇಳುತ್ತಿದ್ದೆ. ನೀನು ಒಂದು ಕೈಯಲ್ಲಿ ಹುಣಿಸೆ ಉಂಡೆ ಹಿಡಿದು ಇನ್ನೊಂದು ಕೈಯಲ್ಲಿ ನನ್ನ ತಲೆಗೆ ಮೊಟಕುತ್ತಿದ್ದೆ. ಅಪ್ಪ ಮಾತ್ರ ಇಳಿಜಾರು ಬಂದ ಕಡೆಯೆಲ್ಲ ಎಂಜಿನ್ ಆಫ್ ಮಾಡಿ ಗಾಡಿಯನ್ನು ಹಾಗೇ ಜಾರಲು ಬಿಡುತ್ತಿದ್ದ. ರೈಲ್ವೆ ಗೇಟು ಹಾಕಿದ್ದರಂತೂ ಸರಿಯೇ. ನಿನ್ನ ಮದುವೆ ಮಾಡಿ ಚಿಂತಾಮಣಿಗೆ ಕಳಿಸಿಕೊಡುವ ದಿನವೂ ಹಾಗೇ. ಹಿಂದೆ ನಾವೆಲ್ಲ ಪಾತ್ರೆಪಗಡಿಯ ಮೇಲೆ ಕೂತಿದ್ದೇವೆ, ಮುಂದೆ ಅಪ್ಪನ ಪಕ್ಕ ನೀನು, ನಿನ್ನಾಚೆ ಗಾಬರಿಯಿಂದ ಬಾಗಿಲಿಗೆ ಅಂಟಿಕೊಂಡ ಭಾವ. ಹೊಸಕೋಟೆಯ ಕೆರೆ ಏರಿಯ ಮೇಲೆ ಗಾಡಿ ನಿಂತಿತು. ನೀನು ಇಳಿದು ಏರಿಯ ಅಂಚಿಗೆ ಓಡಿದೆ, ಬಾಸಿಂಗ ಭಾವನ ಕೈಯಲ್ಲಿ ಉಳಿಯಿತು. ತಿರುಗಿ ಬಂದಾಗ ಅಪ್ಪ ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ಕೆರೆಯನ್ನೇ ನೋಡುತ್ತ, “ಆಫ್ ಮಾಡಿವ್ನಿ ಕಣವ್ವ. ಸುಧಾರಿಸ್ಕೊ. ಅವಸರ ಏನೈತೆ” ಎಂದ. ನಿನ್ನನ್ನು ಕಳಿಸಿಕೊಡಲು ಅವನಿಗೇ ಅವಸರವಿರಲಿಲ್ಲ ಎಂಬುದು ನನಗೆ ಹೊಳೆದದ್ದು ನನ್ನ ದೊಡ್ಡ ಮಗಳನ್ನು ಕಳಿಸಿಕೊಟ್ಟ ದಿನ.

ಮೆಟಡೋರ್ ಹೋದ ಮೇಲೆ ನೀನು ಬಸ್ಸು ಹಿಡಿದು ಬರುತ್ತಿದ್ದೆ. ಆಮೇಲೆ ಅದೂ ನಿಂತಿತು. ಕಡೆಯ ಸಲ ಹೊಸಕೋಟೆಯಲ್ಲೇ ಇಳಿದು, ಬಸ್‌ಸ್ಟ್ಯಾಂಡಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು, ಎದುರು ಬಂದ ಬಸ್ಸಿಗೆ ಹತ್ತಿ ವಾಪಸು ಹೋದೆಯಂತೆ. ಹಬ್ಬದ ಅಡುಗೆ ಇಟ್ಟುಕೊಂಡು ನಾವು ಗೇಟಿನಲ್ಲಿ ನಿಂತಿದ್ದೆವು. ಅಂದಿನಿಂದ ಪ್ರತಿ ಗೌರಿಗೂ ನಾನೇ ಬಾಗಿನದ ಮೊರ ಹೊತ್ತು ನಿನ್ನಲ್ಲಿಗೆ ಬರುತ್ತೇನೆ. ಬಸ್ಸಿನಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಕೂತ ಗಂಡಸನ್ನು ಜನ ಹೇಗೆ ನೋಡುತ್ತಾರೆ ಗೊತ್ತೇ? ಅದಿರಲಿ. ತವರಿನ ಬಾಗಿನವನ್ನು ತವರಿನಲ್ಲೇ ಕೊಡಬೇಕು, ಅಮ್ಮ ಗೌರಿ ಕೂರಿಸುತ್ತಿದ್ದ ಮೂಲೆಯಲ್ಲೇ ಕೊಡಬೇಕು. ಆ ಮೂಲೆ ಇನ್ನೂ ಇದೆ. ಸುತ್ತಲಿನ ಊರು ಬದಲಾಗಿದೆ, ಮೂಲೆ ಮಾತ್ರ ಅಲ್ಲೇ ಇದೆ. ಅದಕ್ಕಾಗಿಯೇ ಈ ಕಾರು. ಸವಿತಾಳಿಗೆ ಪರಿಸರ, ಮೈಲೇಜು ಎಂದೆಲ್ಲ ಭಾಷಣ ಬಿಗಿದೆ. ಅವೆಲ್ಲ ಸುಳ್ಳಲ್ಲ, ಆದರೆ ನಿಜವೂ ಅಲ್ಲ.

ಇನ್ನು ಕೊಲೆಯ ವಿವರ. ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟಾಯಿತು, ಬಾನೆಟ್ಟಿಗೆ ಅರಿಶಿನ ಕುಂಕುಮ ಆಯಿತು, ಕುಂಬಳಕಾಯಿ ನಿವಾಳಿಸಿದ್ದಾಯಿತು. ರಾಹುಕಾಲ ಮುಗಿದ ಕೂಡಲೇ ಮಂಗಳಾರತಿ. ಆದರೆ ನಮ್ಮ ಗುಡಿಯ ಪದ್ಧತಿ ನಿನಗೆ ಗೊತ್ತಲ್ಲ, ಎಂಜಿನ್ ಸದ್ದು ಮಾಡಿದ ಮೇಲೇ ಪೂಜಾರಿ ಕರ್ಪೂರ ಹಚ್ಚುವುದು. ಗಾಡಿಗೆ ಜೀವ ಬಂದ ಮೇಲೆ ದೇವರಿಗೆ ತೋರಿಸಬೇಕಂತೆ. ರಾಹುಕಾಲ ಮುಗಿಯುವ ಹೊತ್ತಿಗೆ ಸಿದ್ಧವಿರಲೆಂದು ನಾನು ಗುಂಡಿ ಒತ್ತಿದೆ. ಸದ್ದಿಲ್ಲ. ಪಂಚಾಕ್ಷರಯ್ಯ ಬೆಂಕಿಪೊಟ್ಟಣ ಹಿಡಿದು ನಿಂತೇ ಇದ್ದಾರೆ. ಮತ್ತೆ ಆಫ್ ಮಾಡಿ ಒತ್ತಿದೆ. ಸದ್ದಿಲ್ಲ. ಎರಡೂ ಸಲ ಕಾರು ಸ್ಟಾರ್ಟ್ ಆಗಿಯೇ ಇತ್ತು ಎಂಬುದನ್ನು ಷೋರೂಮಿನಲ್ಲಿ ತಲೆಯಾಡಿಸಿ ಕಲಿತ ನಾನು ಆ ಜನಜಂಗುಳಿಯಲ್ಲಿ ಮರೆತೇಬಿಟ್ಟೆ. ಚಿಕ್ಕಪ್ಪ ಹಿಂದಿನಿಂದ, “ಸತ್ತೋಗೈತೆ ಕಣೋ. ಗೇರಿಗಾಕು, ತಳ್ತೀವಿ” ಎಂದ. ಹಾಕಿದೆ. ಅವನು ತಳ್ಳುವುದಕ್ಕೆ ಜನ ಕೂಡಿಸುವಷ್ಟರಲ್ಲಿ, ಏನಾಗಿದೆಯೆಂದು ಇಳಿದು ನೋಡೋಣವೆಂದು ನಾನು ಬ್ರೇಕಿನಿಂದ ಕಾಲು ತೆಗೆದೆ. ಟಮೋಟ ಬೆಕ್ಕಿನಂತೆ ಹೆಜ್ಜೆಯಿಟ್ಟು ಹೊರಟಿತು. ಪಂಚಾಕ್ಷರಯ್ಯ ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದರು. ಆ ವಯಸ್ಸಿನವರು ಹಾಗೆ ಹಾರುವುದನ್ನು ನಾನು ಕಂಡಿರಲಿಲ್ಲ. ಆಮೇಲೆ ಹೊಸ ನಿಂಬೆಹಣ್ಣು ತರಿಸಿ, ಹೊಸ ಚಪ್ಪಲಿಯ ಮಾತು ಕೊಟ್ಟು, ಎಂಜಿನ್ ಬದಲು ಹಾರನ್ ಬಾರಿಸಿ ಮಂಗಳಾರತಿ ಮುಗಿಸಿದೆವು.

ಇದನ್ನೆಲ್ಲ ಓದಿ ಹೆದರಬೇಡ. ಅದು ಮೊನ್ನೆಯ ಮಾತು. ಈಗ ಕಾರು ನನ್ನ ಕೈಗೆ ಬೆಣ್ಣೆಯಂತೆ ಒಗ್ಗಿದೆ. ನಿನ್ನೆ ಹೊಸಕೋಟೆಯ ಕೆರೆ ಏರಿಯ ತನಕ ಪರೀಕ್ಷೆಗೆಂದೇ ಹೋಗಿ ಬಂದೆವು. ಬಾಗಿಲಲ್ಲಿ ಲೋಟ ಇಡಲು ಒಂದು ಗೂಡಿದೆ, ಅದರಲ್ಲಿ ಕಂಠಮಟ್ಟ ಮಜ್ಜಿಗೆ ತುಂಬಿಟ್ಟಿದ್ದೆ. ಒಂದು ಹನಿ ಚೆಲ್ಲಲಿಲ್ಲ. ಹೊಗೆಯಿಲ್ಲ, ನಡುಕವಿಲ್ಲ, ವಾಸನೆಯಂತೂ ಇಲ್ಲವೇ ಇಲ್ಲ. ಈ ಕಾರಿನಲ್ಲಿ ಕೂತು ಹೊಟ್ಟೆ ತೊಳಸಿಕೊಳ್ಳುವ ಮನುಷ್ಯ ಇನ್ನೂ ಹುಟ್ಟಿಲ್ಲ ಎಂದು ಒಬ್ಬ ಉಪನ್ಯಾಸಕನ ಹೊಣೆಯಿಂದ ಹೇಳುತ್ತಿದ್ದೇನೆ. ಗೌರಿಹಬ್ಬದ ಹಿಂದಿನ ದಿನ ಬೆಳಿಗ್ಗೆ ನಾನೇ ಓಡಿಸಿಕೊಂಡು ಬರುತ್ತೇನೆ. ನೀನು ಮುಂದೆ ಕೂರು. ಕಿಟಕಿ ನಿನ್ನದು. ಇಳಿಜಾರಿಗೆ ಕಾಯಬೇಕಾಗಿಲ್ಲ, ನಿಂತ ಕಡೆಯೆಲ್ಲ ಅದೇ ಆಫ್ ಆಗುತ್ತದೆ. ‘ನೋಡಾಣ’ ಅನ್ನಬೇಡ, ಬರುತ್ತೇನೆ ಅನ್ನು.

ಭಾವನಿಗೆ ನಮಸ್ಕಾರ ತಿಳಿಸು, ಮೈಸೂರುಪಾಕಿನ ಡಬ್ಬಿಯನ್ನು ಎತ್ತರದಲ್ಲಿಡು. ಮಕ್ಕಳು ಮೊಮ್ಮಕ್ಕಳಿಗೆಲ್ಲ ನನ್ನ ಆಶೀರ್ವಾದ. ಹಿರಿಯಳಾದ ನಿನ್ನ ಆಶೀರ್ವಾದ ನಮಗೂ ಬೇಕು, ಅದನ್ನು ಮಾತ್ರ ಅಂಚೆಯಲ್ಲಿ ಕಳಿಸದೆ ಕೈಯಾರೆ ತಂದು ಕೊಡು.

ನಿನ್ನ ತಲೆಹರಟೆ ತಮ್ಮ,
ರಾಜೇಂದ್ರ

ಅಂಟು ಹಚ್ಚುವ ಮೊದಲು: ಮಂಜುಶ್ರೀ ಪತ್ರ ಓದಿದಳು. ನಿಜ ಸೇರಿಸದಿದ್ದರೆ ಅಂಚೆಗೆ ಹಾಕುವುದಿಲ್ಲವಂತೆ. ನಿನ್ನೆ ಓಡಿಸಿದ್ದು ಅವಳು. ಚಪ್ಪಲಿ ಪ್ರಕರಣದ ನಂತರ ಕೀಲಿ ಅವಳ ಬಳಿಯೇ ಇದೆ. ನಾನು ಪಕ್ಕದಲ್ಲಿ ಕೂತು ಆ ಪರದೆಯ ಬಾಣಗಳನ್ನು ತಲೆ ಎತ್ತದೆ ನೋಡುತ್ತ ಹೋದೆ. ಕೆರೆ ಏರಿ ಬರುವ ಹೊತ್ತಿಗೆ ನಿಲ್ಲಿಸು ಎಂದೆ. ಅವಳು ನಿಲ್ಲಿಸಿದಳು, ಎಂಜಿನ್ನೂ ನಿಂತಿತು, ನನ್ನ ಹೊಟ್ಟೆಯೊಂದು ನಿಲ್ಲಲಿಲ್ಲ. ಮಜ್ಜಿಗೆ ಚೆಲ್ಲಲಿಲ್ಲ ಎಂದದ್ದು ನಿಜ, ಚೆಲ್ಲಿದವನು ನಾನು. ಬಟ್ಟೆಯ ಸೀಟು. ನಾಲ್ಕೂ ಬಾಗಿಲು ತೆರೆದು ಅಂಗಳದಲ್ಲಿ ಒಣಹಾಕಿದ್ದೇವೆ, ಚಿಕ್ಕಪ್ಪ ಮೂಗು ಹಿಡಿದುಕೊಂಡು ಬಂದು ಈಗ ನಾಟಿ ಆಯಿತು ಎಂದು ಹೇಳಿಹೋದ. ಮಂಜುಶ್ರೀಯೇ ಬಂದು ನಿನ್ನನ್ನು ಕರೆತರುತ್ತಾಳೆ, ನಾನೂ ಜೊತೆಗಿರುತ್ತೇನೆ. ಹುಣಿಸೆ ಉಂಡೆ ಜಾಸ್ತಿ ಕಟ್ಟಿಕೊಂಡು ಬಾ. ಕಿಟಕಿ ನಿನ್ನದು ಎಂದು ಮೇಲೆ ಬರೆದಿದ್ದೇನೆ, ಅದನ್ನು ಬಂದ ಮೇಲೆ ಜಗಳವಾಡಿ ತೀರ್ಮಾನಿಸೋಣ.